ಹುಳುಮನೆಯಲ್ಲಿ ಅಕ್ಕನ ಉಸಿರು

ನನ್ನ ಅನ್ನ ಪ್ರೆಶರಿನದು. ಚಿಂತಾಮಣಿಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದೇನೆ. ಸಾವಿರ ಅಡಿ ಆಳದಿಂದ ನೀರನ್ನು ಮೇಲಕ್ಕೆ ದಬ್ಬುವ ಮೋಟಾರನ್ನು ಎತ್ತುವುದು, ಸುಟ್ಟ ಕಾಯಿಲು ಬಿಚ್ಚಿ ಹೊಸದು ಸುತ್ತುವುದು, ಮತ್ತೆ ಇಳಿಸುವುದು, ಇದೇ ಕೆಲಸ. ಪೈಪಿನ ಮೇಲೆ ಕೈಯಿಟ್ಟರೆ ಸಾಕು, ಒಳಗೆ ನೀರು ಹೇಗೆ ಹೋಗುತ್ತಿದೆ ಎಂದು ಹೇಳಬಲ್ಲೆ ಎಂಬ ಜಂಬ ನನಗೆ ಮೊದಲಿನಿಂದಲೂ ಇದೆ. ಮೂಗಿನ ತುದಿಯಲ್ಲಿ ಕೋಪವೂ ಇದೆ. ಆ ಮನುಷ್ಯನ ಊಟ ಆಗಿದೆಯೋ ಇಲ್ಲವೋ ವಿಚಾರಿಸಿಕೊಂಡು ಅಂಗಡಿಗೆ ಹೋಗಿ ಎಂದು ಗಿರಾಕಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರಂತೆ. ಇರಲಿ.

ಎದೆಯೊಳಗೂ ಒಂದು ಪಂಪು ಇದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ಹಾಗೆ ನನಗೂ ಗೊತ್ತಿತ್ತು. ಆದರೆ ಅದರ ಬಗ್ಗೆ ಒಂದು ಗಳಿಗೆ ನಿಂತು ಯೋಚಿಸಿದವನಲ್ಲ. ಯೋಚಿಸುವಂತೆ ಮಾಡಿದವಳು ನನ್ನ ಅಕ್ಕ. ಅವಳಿಂದಾಗಿ ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ಒಂದು ಬೆಳಗ್ಗೆ ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಇಷ್ಟು ವರ್ಷ ಮೋಟಾರುಗಳ ಜೊತೆ ಬದುಕಿದವನಿಗೆ ಅಂಥ ಬೆರಗು ಆ ಮುಂಚೆ ಯಾವತ್ತೂ ಆಗಿರಲಿಲ್ಲ.

ಕೆಂಚಾರ್ಲಹಳ್ಳಿಯ ನಮ್ಮ ಮನೆಯಲ್ಲಿ ಈಗ ಇರುವುದು ಅಕ್ಕ ಮತ್ತು ಭಾವ. ಭಾವ ಮನೆ ಅಳಿಯನಾಗಿ ಬಂದವರು. ಮಾತು ಬಹಳ ಕಡಿಮೆ. ಏನಾದರೂ ಕೇಳಿದರೆ ಮೊದಲು ಒಂದು ಸಲ ಆಕಾಶ ನೋಡುತ್ತಾರೆ, ಆಮೇಲೆ ಉತ್ತರ ಕೊಡುತ್ತಾರೆ, ಅದೂ ಅರ್ಧ. ಇಬ್ಬರೂ ಸೇರಿ ರೇಷ್ಮೆ ಮಾಡುತ್ತಾರೆ. ಹಿಪ್ಪುನೇರಳೆ ತೋಟ ಭಾವನದು. ಕಡ್ಡಿ ಸಮೇತ ಸೊಪ್ಪು ಕೊಯ್ದು, ಹೊರೆ ಕಟ್ಟಿ, ಟಿವಿಎಸ್ ಮೊಪೆಡ್ಡಿನ ಮುಂದೊಂದು ಹಿಂದೊಂದು ಹೇರಿಕೊಂಡು ಹುಳುಮನೆಯ ಬಾಗಿಲಿಗೆ ತಂದು ಹಾಕುತ್ತಾರೆ. ಹೊರೆಗಳ ನಡುವೆ ಭಾವನ ತಲೆ ಮಾತ್ರ ಕಾಣುತ್ತದೆ. ಬಾಗಿಲಿನಿಂದ ಒಳಕ್ಕೆ ಎಲ್ಲವೂ ಅಕ್ಕನದು. ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ, ಎದ್ದು ಕೊನೆಯ ವಾರದ ಹಸಿವಿಗೆ ಬಿದ್ದ ಮೇಲಂತೂ ಅವಳನ್ನು ಬಿಟ್ಟು ಇನ್ನೊಬ್ಬರ ಕಾಲು ಆ ಹೊಸ್ತಿಲು ದಾಟುವಂತಿಲ್ಲ. ಹೊರಗಿನ ಕಾಲಿನ ಜೊತೆ ರೋಗ ಬರುತ್ತದೆ ಎನ್ನುವುದು ಎಲ್ಲ ರೇಷ್ಮೆ ಮನೆಗಳಲ್ಲೂ ಇರುವ ಭಯ.

ನಮ್ಮ ಮನೆಯಲ್ಲಿ ಅದರ ಮೇಲೆ ಇನ್ನೊಂದು ಕಟ್ಟಳೆಯಿತ್ತು. ಅದು ನಮ್ಮ ಅಮ್ಮ ಮಾಡಿದ್ದು. ಒಳಗೆ ಯಾರೂ ದನಿ ತೆಗೆಯಬಾರದು.

"ಹುಳ ಬೆದರ್ತವೆ. ಬೆದರಿದ್ ಹುಳ ಸೊಪ್ಪು ಬಿಡ್ತವೆ. ಗೂಡು ತೆಳ್ಳಗಾಗ್ತವೆ," ಅನ್ನುತ್ತಿದ್ದಳು ಅಮ್ಮ.

ಮಾತಿರಲಿ, ಕೆಮ್ಮು ಬಂದರೂ ಹೊರಗೆ ಬಂದು ಕೆಮ್ಮಬೇಕು. ಸೊಪ್ಪಿನ ಹೊರೆ ಎತ್ತುವಾಗ ಯಾರಿಗಾದರೂ ಬಾಯಿಂದ ಒಂದು ಹೂಂಕಾರ ತಾನಾಗಿ ಬರುತ್ತದೆ. ಅಮ್ಮನಿಗೆ ಬರುತ್ತಿರಲಿಲ್ಲ. ತುಟಿ ಬಿಗಿದು, ಉಸಿರು ಕಟ್ಟಿ, ಹೊರೆಯನ್ನು ಎದೆಗೆ ತಬ್ಬಿ ಎತ್ತುವಳು. ಅದೇ ಒಂದು ಉಸಿರಿನಲ್ಲಿ ಸಾಲಿನ ಕೊನೆಯವರೆಗೆ ಒಯ್ದು ಇಳಿಸಿದ ಮೇಲೆಯೇ ಉಸಿರು ಬಿಡುವಳು. ಅಕ್ಕ ಅಮ್ಮನ ಪಕ್ಕದಲ್ಲಿ ಬೆಳೆದವಳು. ಎಲೆ ಹರಡುವುದನ್ನು ಹೇಗೆ ಕಲಿತಳೋ ಉಸಿರು ಕಟ್ಟುವುದನ್ನೂ ಹಾಗೆಯೇ ಕಲಿತಳು. ಅದು ಅವಳಿಗೆ ಒಂದು ಅಭ್ಯಾಸ ಎಂದು ಕೂಡ ಅನ್ನಿಸುತ್ತಿರಲಿಲ್ಲ.

ಅಮ್ಮ ತೀರಿಹೋದದ್ದು ಆ ಹುಳುಮನೆಯಲ್ಲೇ. ಮಟಮಟ ಮಧ್ಯಾಹ್ನ. ನಾನು, ಅಕ್ಕ, ಅಪ್ಪ ಮೂವರೂ ಎದುರಿನ ಜಗಲಿಯ ಮೇಲೆ ಕೂತು ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಗಳನ್ನು, ಬಿಸಿಲಿಗೆ ಒರಗಿಸಿ ಒರೆಸುತ್ತಿದ್ದೆವು. ಒಳಗೆ ಸದ್ದಿಲ್ಲ. ಸದ್ದಿಲ್ಲದಿರುವುದೇ ಆ ಮನೆಯ ಕ್ರಮವಾದ್ದರಿಂದ ಯಾರ ಮನಸ್ಸಿಗೂ ಏನೂ ಹೊಳೆಯಲಿಲ್ಲ. ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಅಪ್ಪ ನೀರು ಕೊಡಲು ಹೋದರು. ಅಮ್ಮ ಸಾಲಿನ ನಡುವೆ ಹೊರೆಯ ಮೇಲೆ ಕವುಚಿ ಬಿದ್ದಿದ್ದಳು. ಹುಳುಗಳು ಅವಳ ಕೈಯ ಪಕ್ಕದ ಎಲೆಯನ್ನು ತಿನ್ನುತ್ತಿದ್ದವು. ಬಿಪಿ ಏರಿ ತಲೆಯಲ್ಲಿ ರಕ್ತನಾಳ ಒಡೆದಿದೆ ಎಂದು ಡಾಕ್ಟರು ಹೇಳಿದರು. ಅಮ್ಮನಿಗೆ ಬಿಪಿ ಇತ್ತು ಎನ್ನುವುದೇ ನಮಗೆ ಆವತ್ತು ಗೊತ್ತಾಯಿತು.

ಹಾಗಾಗಿ ಹೋದ ವರ್ಷ ಊರಿನ ಆಶಾ ಕಾರ್ಯಕರ್ತೆ ಅಕ್ಕನ ತೋಳಿಗೆ ಪಟ್ಟಿ ಸುತ್ತಿ, ಎರಡು ಸಲ ನೋಡಿ, "ಅಕ್ಕಾ, ನಿಮಗೆ ಬಿಪಿ ಜಾಸ್ತಿ ಇದೆ, ಇವತ್ತೇ ಆಸ್ಪತ್ರೆಗೆ ಹೋಗಿ" ಅಂದಾಗ, ಆ ಸುದ್ದಿ ಫೋನಿನಲ್ಲಿ ಕೇಳಿದ ನನಗೆ ಮೊದಲು ನೆನಪಾದದ್ದು ಅಮ್ಮ. ಅದೇ ಮನೆ, ಅದೇ ಹೊರೆ, ಈಗ ಅದೇ ಕಾಯಿಲೆ. ಜೊತೆಗೆ ಅಕ್ಕ ಇನ್ನೂ ಒಂದು ಮಾತು ಹೇಳಿದಳು. ಎಷ್ಟೋ ದಿನದಿಂದ ಹೊರೆ ಎತ್ತುವಾಗ ಕಣ್ಣ ಮುಂದೆ ಮಿಂಚುಹುಳ ಹಾರಿದಂತಾಗುತ್ತದೆ, ತಲೆಯ ಹಿಂಭಾಗ ಸಿಡಿಯುತ್ತದೆ. ಇಳಿಸಿದ ಮೇಲೆ ಸರಿಹೋಗುತ್ತದೆ.

"ಯಾಕೆ ಹೇಳ್ಲಿಲ್ಲ ಇಷ್ಟ್ ದಿನ?" ಎಂದು ಕೂಗಾಡಿದೆ.

"ಹೇಳಿದ್ರೆ ನೀನು ಹಿಂಗೇ ಕೂಗಾಡ್ತೀಯ ಅಂತ ಕಣೋ," ಅಂದಳು.

ಚಿಂತಾಮಣಿಯಲ್ಲೇ ಡಾಕ್ಟರಿಗೆ ತೋರಿಸಿ ಮಾತ್ರೆ ಶುರುವಾಯಿತು. ಆದರೆ ನನ್ನ ತಲೆಯಲ್ಲಿ ಕೂತದ್ದು ನನ್ನ ಅಂಗಡಿಯ ಲೆಕ್ಕ. ಪೈಪಿನಲ್ಲಿ ಪ್ರೆಶರು ಏರಿದೆಯೇ, ಮೊದಲು ಮೋಟಾರು ಆಫ್ ಮಾಡು. ಆಮೇಲೆ ಮಿಕ್ಕ ಮಾತು. ಹಾಗೆಯೇ ಮಾಡಿದೆ. ಕೂಲಿಯ ಹೆಂಗಸೊಬ್ಬಳನ್ನು ಗೊತ್ತುಮಾಡಿ ಹುಳುಮನೆಗೆ ಬಿಟ್ಟೆ. ಅಕ್ಕನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಜಗಲಿಯ ಮೇಲೆ ಹಾಕಿ, "ಇಲ್ಲಿಂದ ಎದ್ದರೆ ನೋಡು" ಅಂದೆ. ಭಾವನಿಗೆ ಕಾವಲಿಗೆ ಇರಲು ಹೇಳಿದೆ. ಭಾವ ಆಕಾಶ ನೋಡಿದರು.

ಒಂದು ಬೆಳೆ ಪೂರ್ತಿ ಅಕ್ಕ ಆ ಕುರ್ಚಿಯಲ್ಲಿ ಕೂತಳು. ಹುಳುವನ್ನು ಬೇರೆಯವರು ಮುಟ್ಟುವುದನ್ನು ನೋಡಿ ನೋಡಿ ಅವಳ ಮುಖ ಕಂದಿತು. ಕಾಲು ಊದಿಕೊಂಡವು, ನಿದ್ದೆ ಹೋಯಿತು, ಬಿಪಿ ನಾನು ಅಂದುಕೊಂಡಷ್ಟು ಇಳಿಯಲಿಲ್ಲ. ಒಂದು ದಿನ ನಾನು ಹೋದಾಗ ಮುಖ ಕೊಟ್ಟು ಮಾತಾಡಲಿಲ್ಲ. ಕಾಫಿ ಲೋಟ ಕುಕ್ಕಿ ಇಟ್ಟು, "ಅಮ್ಮ ಎತ್ತೀ ಎತ್ತೀ ಸತ್ಲು. ನನ್ನ ಕೂರಿಸಿ ಕೊಲ್ತಿದೀಯ. ಹುಳ ಇಲ್ದಿದ್ರೆ ನಾನ್ ಯಾತಕ್ಕೆ ಬದುಕಿರ್ಬೇಕೋ?" ಅಂದಳು. ಅವಳು ಅಳುವವಳಲ್ಲ. ಆ ದಿನ ಅತ್ತಳು.

ಹಾಗೆ ನಾವು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋದದ್ದು. ಹೃದಯದ ಡಾಕ್ಟರು ಒಬ್ಬ ಹೆಂಗಸು. ಶಿಡ್ಲಘಟ್ಟದವರು, ಮನೆಮಾತು ಉರ್ದು. ಅವರ ತಂದೆಯ ಕಾಲದಿಂದ ಮನೆಯಲ್ಲಿ ರೀಲಿಂಗ್, ಅಂದರೆ ಗೂಡಿನಿಂದ ನೂಲು ತೆಗೆಯುವ ಕೆಲಸ, ನಡೆಯುತ್ತಿದೆ. ಬಿಸಿನೀರಿನ ತೊಟ್ಟಿಯಲ್ಲಿ ಗೂಡು ಕುದಿಯುವ ವಾಸನೆಯಲ್ಲೇ ಓದಿದವಳು ನಾನು ಎಂದು ಅವರೇ ನಕ್ಕು ಹೇಳಿದರು. ನನ್ನ ಕುರ್ಚಿಯ ಕಥೆ ಕೇಳಿ ಮಾತ್ರ ನಗಲಿಲ್ಲ.

"ನಿಮಗೆ ಯಾರು ಹೇಳಿದ್ದು ಕೂರಿಸೋಕೆ?"

"ಪ್ರೆಶರ್ ಜಾಸ್ತಿ ಆದ್ರೆ ಮೋಟ್ರು ನಿಲ್ಲಿಸ್ಬೇಕಲ್ಲ ಮೇಡಂ," ಎಂದೆ. ಬಾಯಿಂದ ಬಂದುಬಿಟ್ಟಿತು.

"ಇದು ನಿಲ್ಲಿಸೋ ಮೋಟ್ರು ಅಲ್ಲ ಕಣ್ರೀ," ಅಂದರು ಡಾಕ್ಟರಮ್ಮ. "ನಡೆಸಿ ನೋಡೋಣ. ನಡೆಯುವಾಗ ಇವರ ಬಿಪಿ ಏನು ಮಾಡುತ್ತೆ, ಹೃದಯ ಏನು ಮಾಡುತ್ತೆ, ಕಣ್ಣಲ್ಲೇ ನೋಡಿ. ಆಮೇಲೆ ಕೆಲಸ ಮಾಡಬೇಕೋ ಬೇಡವೋ ಹೇಳ್ತೀನಿ."

ಅಕ್ಕನ ಮುಖ ಆ ಕ್ಷಣಕ್ಕೆ ಅರಳಿತು. ಅವಳಿಗೆ ಬೇಕಾಗಿದ್ದದ್ದು ಅದೊಂದೇ ಮಾತು. ಮತ್ತೆ ಹುಳುಮನೆಗೆ ಹೋಗಬಹುದೋ, ಇಲ್ಲವೋ.

ಅವರು ಗೊತ್ತುಮಾಡಿದ ದಿನ ಬೆಳಗ್ಗೆ ನಡೆಸಿ ನೋಡುವ ಪರೀಕ್ಷೆ. ಗೌರಿಬಿದನೂರಿನಲ್ಲಿದ್ದುಕೊಂಡು ಕುಡುಮಲಕುಂಟೆಯ ಫ್ಯಾಕ್ಟರಿಗೆ ಹೋಗುವ ಅಕ್ಕನ ಮಗಳು ಹಿಂದಿನ ದಿನವೇ ತನ್ನ ಕ್ಯಾನ್ವಾಸ್ ಶೂ ಕಳಿಸಿದ್ದಳು. ಜೀವಮಾನದಲ್ಲಿ ಮೊದಲ ಸಲ ಶೂ ತೊಟ್ಟ ಅಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಎದೆಗೆಲ್ಲ ವೈರು ಅಂಟಿಸಿಕೊಂಡು, ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಿಂತಳು. ಒಂದು ತೋಳಿಗೆ ಬಿಪಿ ಪಟ್ಟಿ. ಎದುರಿಗೆ ಟಿವಿಯಂಥ ಪರದೆಯಲ್ಲಿ ಹಸಿರು ಗೆರೆ ಏಳುತ್ತಾ ಬೀಳುತ್ತಾ ಹೋಗುತ್ತಿತ್ತು. ಕಾಲಡಿಯ ಪಟ್ಟಿ ಮೆಲ್ಲಗೆ ಚಲಿಸತೊಡಗಿತು.

"ಇದೇನೋ ಇದು, ಎಷ್ಟ್ ನಡೆದ್ರೂ ಊರೇ ಬರಲ್ವಲ್ಲೋ," ಅಂದಳು ಅಕ್ಕ. ನರ್ಸು ಕಿಸಕ್ಕನೆ ನಕ್ಕಳು.

ನಾನು ನಗಲಿಲ್ಲ. ನನ್ನ ಕಣ್ಣು ಪರದೆಯ ಮೇಲಿತ್ತು. ಅಕ್ಕ ನಡೆದಂತೆ ಗೆರೆಯ ಏರಿಳಿತಗಳು ಹತ್ತಿರ ಹತ್ತಿರವಾದವು. ಯಾರೂ ಸ್ವಿಚ್ಚು ಒತ್ತಿರಲಿಲ್ಲ, ಯಾರೂ ವೇಗ ಹೆಚ್ಚಿಸು ಎಂದು ಹೇಳಿರಲಿಲ್ಲ. ಕಾಲು ಎರಡು ಹೆಜ್ಜೆ ಹಾಕಿತು, ಎದೆಗೆ ಸುದ್ದಿ ಮುಟ್ಟಿತು, ಅದು ತಾನಾಗಿ ಕೆಲಸ ಏರಿಸಿಕೊಂಡಿತು. ನನ್ನ ಕೈಯಾರೆ ಇಷ್ಟು ಮೋಟಾರು ಬಿಚ್ಚಿ ಜೋಡಿಸಿದ್ದೇನೆ, ತೋಟದಲ್ಲಿ ಒಂದು ಸಾಲು ಹೆಚ್ಚಿಗೆ ನೀರು ಕೇಳಿತು ಎಂದು ತಾನಾಗಿ ತಿಳಿದುಕೊಂಡ ಮೋಟಾರನ್ನು ನಾನು ಕಂಡಿಲ್ಲ.

ನನ್ನ ಮುಖ ನೋಡಿ ಡಾಕ್ಟರಮ್ಮನಿಗೆ ಹೇಳಬೇಕು ಅನ್ನಿಸಿರಬೇಕು. ಪಕ್ಕಕ್ಕೆ ಬಂದು ನಿಂತು, ಅಕ್ಕನಿಗೂ ಕೇಳುವಂತೆ ಹೇಳತೊಡಗಿದರು. ಕೂತಾಗ ಕಾಲಿನ ಸ್ನಾಯುಗಳಿಗೆ ಹೋಗುವ ರಕ್ತ ಸ್ವಲ್ಪವೇ. ನಡೆಯಲು ಶುರುಮಾಡಿದ ಕೂಡಲೇ ಅವು ಹೆಚ್ಚು ಕೇಳುತ್ತವೆ. ಆಗ ಹೃದಯ ಬೇಗ ಬೇಗ ಬಡಿಯುತ್ತದೆ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದಬ್ಬುತ್ತದೆ. ಅದೇ ಹೊತ್ತಿಗೆ ಕಾಲಿನ ರಕ್ತನಾಳಗಳು ತಾವಾಗಿ ಅಗಲವಾಗುತ್ತವೆ.

"ಅಗಲ ಆಗ್ತವಾ? ಪೈಪೇ ಅಗಲ ಆಗುತ್ತಾ?" ನಾನು ನಡುವೆ ಬಾಯಿ ಹಾಕಿದೆ.

"ಹೌದು. ಅದರ ಗೋಡೆಯಲ್ಲೇ ಸ್ನಾಯು ಇದೆ. ಬೇಕಾದ ಕಡೆ ಸಡಿಲ ಬಿಡುತ್ತೆ, ಬೇಡದ ಕಡೆ ಬಿಗಿ ಹಿಡಿಯುತ್ತೆ. ಅದಕ್ಕೇ ನೋಡಿ, ನಡೆಯುವಾಗ ಮೇಲಿನ ನಂಬರ್ ಏರುತ್ತೆ, ಕೆಳಗಿನ ನಂಬರ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತೆ."

ಸಬ್ಬಕ್ಕಿ ಕಾಳಿನಷ್ಟೂ ಇಲ್ಲದ ನಾಳ, ತನಗೆ ಎಷ್ಟು ಬೇಕೆಂದು ತಾನೇ ತಿಳಿದು, ತಾನೇ ತೆರೆದುಕೊಳ್ಳುತ್ತದೆ ಎಂದರೆ! ನಾನು ಗೇಟ್ ವಾಲ್ವು ತಿರುಗಿಸಲು ಅರ್ಧ ಕಿಲೋಮೀಟರು ನಡೆದವನು. ಆ ಕೋಣೆಯಲ್ಲಿ ನಿಂತು ನನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಮಣಿಕಟ್ಟಿನ ನೀಲಿ ಗೆರೆಗಳನ್ನು ಮೊದಲ ಸಲ ಕಂಡವನಂತೆ ನೋಡಿದೆ.

ಅಷ್ಟರಲ್ಲಿ ಪಟ್ಟಿಯ ಮುಂಭಾಗ ಸ್ವಲ್ಪ ಎತ್ತರವಾಯಿತು, ಏರು ಹತ್ತುವಂತೆ. ಅಕ್ಕನ ಮೇಲಿನ ನಂಬರು ಬೇಗ ಬೇಗ ಏರಿತು. ಡಾಕ್ಟರಮ್ಮ ಕಣ್ಣು ಕೀಳದೆ ನೋಡುತ್ತಿದ್ದರು. ಏರುವುದು ಎಲ್ಲರಿಗೂ ಇರುತ್ತದೆ, ಇವರಿಗೆ ಹೆಚ್ಚು ಏರುತ್ತಿದೆ ಎಂದರು. ಬಹಳ ಕಾಲ ಬಿಪಿ ಇದ್ದರೆ ರಕ್ತನಾಳದ ಗೋಡೆ ಬಿರುಸಾಗುತ್ತದೆ. ಬೇಕಾದಾಗ ಎಷ್ಟು ತೆರೆದುಕೊಳ್ಳಬೇಕೋ ಅಷ್ಟು ತೆರೆದುಕೊಳ್ಳುವುದಿಲ್ಲ. ಹಾಗಾಗಿ ಅದೇ ನಡಿಗೆಗೆ ಹೃದಯ ಹೆಚ್ಚು ತಳ್ಳಬೇಕು. ವರ್ಷಾನುಗಟ್ಟಲೆ ಹಾಗೆ ತಳ್ಳಿ ತಳ್ಳಿ ಅದರ ಗೋಡೆ ದಪ್ಪವಾಗುತ್ತದೆ. ಅಕ್ಕನದು ಒಂದಿಷ್ಟು ದಪ್ಪವಾಗಿತ್ತು ಎಂದು ಮೊದಲೇ ಮಾಡಿದ್ದ ಸ್ಕ್ಯಾನಿನಲ್ಲಿ ಕಂಡಿತ್ತು.

ಈ ಮಾತು ಕೇಳಿ ನನಗೆ ಹೆದರಿಕೆಯಾಗಬೇಕಿತ್ತು. ಆಗಿದ್ದು ಬೇರೆ. ಯಾರಿಗೂ ಹೇಳದೆ, ಒಂದು ದಿನವೂ ರಜೆ ಹಾಕದೆ, ಬಿರುಸಾದ ಪೈಪಿನೊಳಗೆ ನೀರು ತಳ್ಳಿ ತಳ್ಳಿ ತೋಳು ದಪ್ಪ ಮಾಡಿಕೊಂಡ ಆ ಹೃದಯದ ಮೇಲೆ ನನಗೆ ಗೌರವ ಉಕ್ಕಿತು. ಅದೂ ಥೇಟ್ ಅಕ್ಕನ ಹಾಗೆಯೇ, ಹೇಳದೆ ಎತ್ತುವ ಜಾತಿ. ಕಣ್ಣು ತುಂಬಿತು. ನರ್ಸು ನೋಡಿಯಾಳೆಂದು ಗೋಡೆಯ ಕಡೆ ತಿರುಗಿದೆ.

ಮೆಷೀನು ನಿಂತಿತು. ಅಕ್ಕ ಬೆವರೊರೆಸಿಕೊಂಡು ಕೂತಳು. ಎದೆನೋವಿಲ್ಲ, ಮಿಂಚುಹುಳವಿಲ್ಲ, ತಲೆ ಸಿಡಿಯಲಿಲ್ಲ. ಹೃದಯಕ್ಕೆ ರಕ್ತ ಚೆನ್ನಾಗಿ ಹೋಗುತ್ತಿದೆ, ಗೆರೆಯಲ್ಲಿ ತೊಂದರೆಯಿಲ್ಲ ಎಂದರು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಬಿಪಿ ನೋಡಿದರೆ, ಬೆಳಗ್ಗೆ ಬಂದಾಗ ಇದ್ದದ್ದಕ್ಕಿಂತ ಕಡಿಮೆ! ನಾನು ನಂಬಲಿಲ್ಲ. ಇನ್ನೊಮ್ಮೆ ನೋಡಿ ಎಂದೆ. ಇನ್ನೊಮ್ಮೆಯೂ ಅಷ್ಟೇ. ನಡೆದಾಗ ತೆರೆದುಕೊಂಡ ನಾಳಗಳು ನಡಿಗೆ ನಿಂತ ಮೇಲೂ ಕೆಲವು ಗಂಟೆ ಸಡಿಲವಾಗಿಯೇ ಇರುತ್ತವಂತೆ. ಓಡಿ ನಿಂತ ಮೋಟಾರು ಬಿಸಿಯಾಗಿರುತ್ತದೆ, ಸವೆದಿರುತ್ತದೆ. ಓಡುವ ಮೊದಲಿಗಿಂತ ಹಗುರವಾಗಿ ನಿಲ್ಲುವ ಯಂತ್ರ ಲೋಕದಲ್ಲಿ ಇದೊಂದೇ ಇರಬೇಕು. ಅದನ್ನು ನಾನು ಕುರ್ಚಿಯಲ್ಲಿ ಕೂರಿಸಿದ್ದೆ.

"ಕಡಿಮೆ ಆಯ್ತಲ್ಲ, ಮಾತ್ರೆ ಬಿಡ್ಲಾ?" ಅಕ್ಕ ಆಸೆಯಿಂದ ಕೇಳಿದಳು.

"ಬಿಟ್ರೆ ನಿಮ್ಮೂರಿಗೇ ಬಂದು ಬೈತೀನಿ," ಅಂದರು ಡಾಕ್ಟರಮ್ಮ. "ಇದು ಸ್ವಲ್ಪ ಹೊತ್ತಿಗೆ ಮಾತ್ರ. ದಿನಾ ನಡೀರಿ, ದಿನಾ ಮಾತ್ರೆ ತಗೊಳ್ಳಿ. ಎರಡೂ ಬೇಕು."

ಅಲ್ಲಿಗೆ ಮುಗಿಯಿತು, ಹೊರಡೋಣ ಎಂದು ನಾನು ಚೀಲ ಎತ್ತಿಕೊಂಡೆ. ಡಾಕ್ಟರಮ್ಮ ಮಾತ್ರ ಪೆನ್ನಿನಿಂದ ಮೇಜು ಕುಟ್ಟುತ್ತಾ ಕೂತಿದ್ದರು. ಏರು ಹತ್ತಿದಾಗ ಬಾರದ ಮಿಂಚು ಹೊರೆ ಎತ್ತುವಾಗ ಯಾಕೆ ಬರುತ್ತದೆ ಎನ್ನುವುದು ಅವರನ್ನು ಕಾಡುತ್ತಿತ್ತು. ಅಕ್ಕನ ಬಲತೋಳಿಗೆ ಮತ್ತೆ ಪಟ್ಟಿ ಸುತ್ತಿಸಿ, ತಮ್ಮ ಎರಡು ಬೆರಳನ್ನು ಅವಳ ಎಡಗೈಗೆ ಕೊಟ್ಟರು.

"ಹೊರೆ ಹಿಡಿದ ಹಾಗೆ ಗಟ್ಟಿಯಾಗಿ ಹಿಡೀರಿ. ನಾನು ಸಾಕು ಅನ್ನೋವರೆಗೂ ಬಿಡಬೇಡಿ."

ಅಕ್ಕ ಹಿಡಿದಳು. ತುಟಿ ಬಿಗಿದವು. ಗಲ್ಲದ ಕೆಳಗೆ ಕತ್ತಿನ ನರ ಹಗ್ಗದಂತೆ ಎದ್ದು ನಿಂತಿತು. ಮುಖ ಕೆಂಪಾಯಿತು. ಕೋಣೆಯಲ್ಲಿ ಮೆಷೀನಿನ ಗುಂಯ್ ಬಿಟ್ಟರೆ ಬೇರೆ ಸದ್ದಿಲ್ಲ. ಆ ಸದ್ದಿಲ್ಲದ ಮುಖ ನಾನು ಬಲ್ಲೆ. ಅದು ಅಮ್ಮನ ಮುಖ. ಪರದೆಯ ಮೇಲೆ ನಂಬರು ಬಂತು. ಏರು ಹತ್ತಿದಾಗ ಕಂಡದ್ದಕ್ಕಿಂತ ಮೇಲೆ. ಈ ಸಲ ಕೆಳಗಿನ ನಂಬರೂ ಇದ್ದಲ್ಲಿ ಇರಲಿಲ್ಲ, ಅದೂ ಹತ್ತಿತ್ತು.

"ಬಿಡಿ, ಬಿಡಿ! ಉಸಿರು ಬಿಡಿ!" ಡಾಕ್ಟರಮ್ಮ ಗಾಬರಿಯಿಂದ ಬೆರಳು ಕಿತ್ತುಕೊಂಡರು. "ಯಾಕಮ್ಮ ಉಸಿರು ಕಟ್ಟಿದ್ರಿ? ನಾನು ಕಟ್ಟೋಕೆ ಹೇಳಲಿಲ್ಲವಲ್ಲ?"

ಅಕ್ಕ ತಾನೇನೂ ಮಾಡಲಿಲ್ಲ ಎನ್ನುವಂತೆ ನೋಡಿದಳು. "ಹುಳ ಬೆದರ್ತವೆ," ಅಂದಳು.

ಬೇರೆ ಡಾಕ್ಟರಾಗಿದ್ದರೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರೋ ಏನೋ. ಗೂಡಿನ ಮನೆಯಲ್ಲಿ ಬೆಳೆದವರಾದ್ದರಿಂದ ಇವರು ಕೇಳಿದರು, ಯಾವ ಹುಳ, ಯಾರು ಹೇಳಿದ್ದು ಎಂದು. ಅಮ್ಮನ ಕಟ್ಟಳೆಯನ್ನು ನಾನು ಹೇಳಿದೆ. ಅಮ್ಮ ಹೋದ ಮಧ್ಯಾಹ್ನವನ್ನೂ ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ಡಾಕ್ಟರಮ್ಮ ಪೆನ್ನು ಕುಟ್ಟುವುದನ್ನು ನಿಲ್ಲಿಸಿದ್ದರು.

ಆಮೇಲೆ ಅವರು ವಿವರಿಸಿದ್ದು ನನಗೆ ಚಿತ್ರ ಬರೆದಷ್ಟು ಸ್ಪಷ್ಟವಾಗಿದೆ. ನಡೆಯುವಾಗ ಸ್ನಾಯು ಬಿಗಿದು ಸಡಿಲವಾಗುತ್ತಾ ಇರುತ್ತದೆ, ರಕ್ತ ಹರಿಯಲು ದಾರಿ ಸಿಗುತ್ತದೆ. ಭಾರ ಹಿಡಿದು ಹಾಗೇ ನಿಂತರೆ ಬಿಗಿದ ಸ್ನಾಯು ತನ್ನೊಳಗಿನ ನಾಳವನ್ನೇ ಹಿಸುಕುತ್ತದೆ. ಹೃದಯ ಮಾತ್ರ ತಳ್ಳುತ್ತಲೇ ಇರುತ್ತದೆ. ಅದರ ಮೇಲೆ ಉಸಿರನ್ನೂ ಕಟ್ಟಿದರೆ ಎದೆಗೂಡಿನೊಳಗಿನ ಒತ್ತಡವೂ ಸೇರಿಕೊಂಡು ಬಿಪಿ ಒಂದೇ ಸಲಕ್ಕೆ ಮೇಲೆ ಹಾರುತ್ತದೆ. ಬಿರುಸಾದ ನಾಳವಿರುವವರಿಗೆ ಅದು ಅಪಾಯ. ಡ್ರಿಪ್ಪಿನ ಎಲ್ಲ ವಾಲ್ವು ಮುಚ್ಚಿ ಮೋಟಾರು ಓಡಿಸಿದರೆ ಪೈಪು ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಮ್ಮನ ಸಾವು ನನಗೆ ಅರ್ಥವಾದದ್ದು ಆ ಬೆಳಗ್ಗೆ, ಡಾಕ್ಟರಮ್ಮನ ಮೇಜಿನ ಎದುರು ಕೂತು.

"ಈಗ ಇನ್ನೊಂದು ಸಲ," ಅಂದರು ಡಾಕ್ಟರಮ್ಮ, ಅಕ್ಕ ಸುಧಾರಿಸಿಕೊಂಡ ಮೇಲೆ. "ಮೆತ್ತಗೆ ಹಿಡೀರಿ. ಬಾಯಿ ತೆಗೆದು ಏನಾದ್ರೂ ಮಾತಾಡ್ತಾ ಇರಿ."

"ಏನ್ ಮಾತಾಡ್ಲಿ?"

"ನಿಮ್ಮ ತಮ್ಮನ್ನ ಬೈರಿ."

ಅಕ್ಕನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ನಾನು ತಂದ ಕುರ್ಚಿಯಿಂದ ಹಿಡಿದು ನನ್ನ ಚಿಕ್ಕಂದಿನವರೆಗೂ ಬೈದಳು. ಅರ್ಧ ತೆಲುಗಿನಲ್ಲಿ. ನಂಬರು ಬಂತು. ಏರಿತ್ತು, ಆದರೆ ಮೊದಲಿನ ಹತ್ತಿರವೂ ಸುಳಿದಿರಲಿಲ್ಲ. ಬಾಯಿಂದ ಹೊರಟ ಒಂದಿಷ್ಟು ಗಾಳಿಗೆ ಇಷ್ಟೊಂದು ಶಕ್ತಿಯೇ ಎಂದು ನಾನು ಆ ನಂಬರನ್ನೇ ನೋಡುತ್ತಾ ಕೂತೆ.

ತೀರ್ಪು ಸಿಕ್ಕಿತು. ಮಾತ್ರೆ ತಪ್ಪಿಸದೆ, ಬಿಪಿ ಹತೋಟಿಗೆ ಬಂದ ಮೇಲೆ, ಅಕ್ಕ ಹುಳುಮನೆಗೆ ಹೋಗಬಹುದು. ಹೊರೆ ಸಣ್ಣದಿರಬೇಕು. ಎತ್ತುವಾಗ ಬಾಯಿ ತೆರೆದು ಉಸಿರು ಬಿಡಬೇಕು, ದನಿ ಮಾಡಿ ಬಿಟ್ಟರೆ ಇನ್ನೂ ಒಳ್ಳೆಯದು, ಮರೆಯುವುದಿಲ್ಲ. ಅದಾಗದಿದ್ದರೆ ಹುಳುಮನೆ ಬೇಡ.

ನಾನು ಗೆದ್ದೆ ಅಂದುಕೊಂಡು ಊರಿಗೆ ಹೊರಟರೆ ಅಕ್ಕ ಬಸ್ಸಿನಲ್ಲೇ ತಕರಾರು ತೆಗೆದಳು. ಅಮ್ಮನ ಮಾತು ಮೀರಿ ಹುಳುಮನೆಯಲ್ಲಿ ಬಾಯಿ ಬಿಡುವುದು ತನ್ನಿಂದಾಗದು. ಬೆಳೆ ಹೋದರೆ ಯಾರು ಹೊಣೆ? ಮುಂದಿನ ಬೆಳೆಯ ಹುಳು ನಾಲ್ಕನೇ ಜ್ವರದಿಂದ ಎದ್ದಾಗಲೂ ಅದೇ ಹಟ. ಬಿಪಿ ಚೆನ್ನಾಗಿಯೇ ಇಳಿದಿತ್ತು. ಬೆಳಗ್ಗೆ ಬೆಳಗ್ಗೆ ತೋಟದ ಸುತ್ತ ನಡೆಯುತ್ತಿದ್ದಳು. ಹೊಸ್ತಿಲ ಹತ್ತಿರ ಬಂದರೆ ಮಾತ್ರ ತುಟಿ ತಾನಾಗಿ ಬಿಗಿಯುತ್ತಿತ್ತು. ಹೊರೆ ಮುಟ್ಟುವುದು, ಬಿಡುವುದು, ಹಾಗೇ ನಿಲ್ಲುವುದು. ಹುಳುಗಳಿಗೆ ಹೊತ್ತು ಮೀರುತ್ತಿತ್ತು.

ನನಗೆ ರೇಗಿತು. ಕಾಲು ಕೈ ತೊಳೆದುಕೊಂಡೆ. ಬಾಗಿಲಲ್ಲಿ ಚೆಲ್ಲಿದ್ದ ಸುಣ್ಣದ ಪುಡಿ ತುಳಿದು, ಹುಳು ಎದ್ದ ಮೇಲೆ ಜೀವಮಾನದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದೆ. ಅಕ್ಕ ಹಾ ಎನ್ನುವಷ್ಟರಲ್ಲಿ ಒಳಗಿದ್ದೆ. ಎರಡೂ ಕಡೆ ಉದ್ದಕ್ಕೆ ಬಿಳಿಯ ಹುಳು, ಬೆರಳಿನಷ್ಟು ದಪ್ಪ. ಒಟ್ಟಿಗೆ ಎಲೆ ತಿನ್ನುವ ಸಣ್ಣ ಸರಸರ. ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಬಿಡುವ ದನಿಯನ್ನೇ ಪೂರ್ತಿ ಬಿಟ್ಟೆ.

"ಏನ್ರೋ! ಕೇಳಿಸ್ತಾ? ನಮ್ಮಕ್ಕ ಇವತ್ತಿಂದ ಇಲ್ಲಿ ಮಾತಾಡ್ತಾಳೆ. ಬೆದರೋರು ಯಾರಾದ್ರೂ ಇದ್ರೆ ಈಗ್ಲೇ ಹೇಳಿ!"

ಹತ್ತಿರದ ಕೆಲವು ತಲೆ ಎತ್ತಿದವು. ಎದೆಯಲ್ಲಿ ಉಸಿರು ನಿಂತಿತು, ನನ್ನದೇ. ಹುಳುಗಳು ಒಂದು ಗಳಿಗೆ ಹಾಗೇ ಇದ್ದು, ಆಮೇಲೆ ತಲೆ ಬಗ್ಗಿಸಿ ಎಲೆಯ ಅಂಚಿಗೆ ಬಾಯಿ ಹಾಕಿದವು. ದೂರದವಕ್ಕೆ ನಾನು ಬಂದದ್ದೇ ಗೊತ್ತಾದಂತಿರಲಿಲ್ಲ. ಸರಸರ ನಿಲ್ಲಲಿಲ್ಲ. ನಾನು ಇನ್ನೂ ಕೂಗಿದೆ, ಮೋಟಾರು ವೈಂಡಿಂಗ್ ಪದಗಳನ್ನೆಲ್ಲ ಸೇರಿಸಿ ಬೈದೆ. ಹೊಸ್ತಿಲಾಚೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಮೊದಲು ಗಾಬರಿಯಿಂದ, ಆಮೇಲೆ ನಗು ತಡೆಯಲು.

"ಸಾಕು ಈಚೆಗ್ ಬಾರೋ, ಮಾನಗೆಟ್ಟೋನೆ. ಹಸ್ಕೊಂಡಿದಾವೆ," ಅಂದಳು.

ನಾನು ಹೊರಗೆ ಬಂದೆ. ಅವಳು ಕಾಲು ತೊಳೆದು ಒಳಗೆ ಹೋದಳು. ಸಣ್ಣ ಹೊರೆಯೊಂದನ್ನು ತಬ್ಬಿದಳು. ಬಗ್ಗಿದ ಬೆನ್ನು ಹಾಗೇ ನಿಂತಿತು. ನನಗೆ ಎಷ್ಟೋ ಹೊತ್ತು ಆದಂತೆ ಅನ್ನಿಸಿತು. ಆಮೇಲೆ ಬಾಯಿ ತೆರೆಯಿತು. ಹೊರೆ ಎದ್ದಿತು, ಅದರ ಜೊತೆಗೇ ದನಿಯೂ ಎದ್ದಿತು. ಮೆತ್ತಗೆ, ಮಕ್ಕಳಿಗೆ ತಟ್ಟೆ ಹಾಕುವಾಗಿನ ದನಿಯಲ್ಲಿ:

"ತಿನ್ರಪ್ಪಾ, ತಿನ್ನಿ."

ಅದೇ ಮಾತು ಉಳಿಯಿತು. ಈಗ ಪ್ರತಿ ಹೊರೆಗೂ ಅದೇ. ಆ ಬೆಳೆಯ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು, ಯಾವಾಗಿನಂತೆಯೇ ಗಟ್ಟಿಯಾಗಿತ್ತು ಎಂದು ಅಕ್ಕ ನಾಲ್ಕು ಸಲ ಹೇಳಿದಳು. ಅಮ್ಮನಿಗೆ ಹೇಳುವಂತೆ ಇತ್ತು ಆ ಮಾತು.

ಮೊನ್ನೆ ಊರಿಗೆ ಹೋಗಿದ್ದೆ. ಹುಳು ಕೊನೆಯ ಹಸಿವಿನಲ್ಲಿದ್ದವು. ಅಮ್ಮ ಹೋದ ದಿನ ನಾವು ಕೂತಿದ್ದ ಅದೇ ಜಗಲಿಯ ಮೇಲೆ ಕೂತೆ. ಒಳಗಿಂದ ಬಿಟ್ಟು ಬಿಟ್ಟು ಅಕ್ಕನ ದನಿ ಬರುತ್ತಿತ್ತು. ಒಂದೊಂದು ಸಲ ಕೇಳಿದಾಗಲೂ ಅವಳ ಎದೆಯೊಳಗೆ ಆ ದಪ್ಪ ಗೋಡೆಯ ಪಂಪು ತಳ್ಳುತ್ತಿರುವುದು, ನಾಳಗಳು ತಮ್ಮ ಕೈಲಾದಷ್ಟು ತೆರೆದುಕೊಳ್ಳುತ್ತಿರುವುದು ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಇಷ್ಟೆಲ್ಲ ಒಳಗೆ ನಡೆಯುತ್ತಿರುವಾಗ ಮನುಷ್ಯರು ಏನೂ ಆಗದವರಂತೆ ಸೊಪ್ಪು ಹಾಕುತ್ತಾರಲ್ಲ ಎಂದು ಆಶ್ಚರ್ಯಪಟ್ಟುಕೊಂಡು ಕೂತಿದ್ದೆ.

ಭಾವ ಹೊರೆಗಳ ನಡುವೆ ಮೊಪೆಡ್ಡು ಓಡಿಸಿಕೊಂಡು ಬಂದರು. ಬಾಗಿಲವರೆಗೂ ಬರಲಿಲ್ಲ. ಬೇಲಿಯ ಹತ್ತಿರವೇ ಎಂಜಿನ್ ಆಫ್ ಮಾಡಿ, ಒಂದು ಕಾಲು ನೆಲಕ್ಕೆ ಊರಿ, ಹಾಗೇ ನಿಂತರು. ಪೆಟ್ರೋಲು ಮುಗಿಯಿತೇನೋ ಎಂದು ಕೇಳಲು ಹೊರಟವನು ಅವರ ಮುಖ ನೋಡಿದೆ. ಆಕಾಶ ನೋಡುತ್ತಿರಲಿಲ್ಲ. ಹುಳುಮನೆಯ ಬಾಗಿಲನ್ನೇ ನೋಡುತ್ತಾ ಕಿವಿಗೊಟ್ಟಿದ್ದರು. ದಿನವೂ ಪ್ರತಿ ಸಲವೂ ಹೀಗೇ ನಿಲ್ಲುತ್ತಾರೆ ಎಂದು ಆಮೇಲೆ ಪಕ್ಕದ ಮನೆಯವರು ಹೇಳಿದರು.

ಒಳಗಿಂದ ದನಿ ಬಂತು. "ತಿನ್ರಪ್ಪಾ, ತಿನ್ನಿ."

ಭಾವ ಗಾಡಿ ತಳ್ಳಿಕೊಂಡು ಬಂದು ಹೊರೆ ಇಳಿಸಿದರು.